ನೆರೆ ಇಳಿದ ಮೇಲೆ ತೋಟದಲ್ಲಿ ಎಷ್ಟು ಮಣ್ಣು ಉಳಿಯಿತು, ಅಳೆಯುವುದು ಹೇಗೆ?

ಹೊಳೆಬದಿ:
ಅಂಕೋಲಾ ಕಡೆ ಗಂಗಾವಳಿ ದಂಡೆಯ ಅಡಿಕೆ ತೋಟ. ನೆರೆ ಬಂದಾಗಲೆಲ್ಲ ಮೊದಲ ಎರಡು ಸಾಲಿಗೆ ಮರಳು, ಹಿಂದಿನ ತಗ್ಗಿಗೆ ಅಂಟು ರೇವೆ (ನುಣ್ಣನೆ ಹೂಳು). ಒಂದೇ ನೀರು, ಎರಡು ಥರದ ಮಣ್ಣು ಯಾಕೆ? ಎಷ್ಟು ನಿಂತಿತೆಂದು ಹೆಚ್ಚು ಖರ್ಚಿಲ್ಲದೆ ಅಳೆಯಬಹುದೇ? ದಂಡೆಗೆ ಏರಿ ಹಾಕಿದರೆ ಹೇಗೆ?

ಮೆಕ್ಕಲು:
ಪಾತ್ರ ದಾಟಿದ ನೀರಿಗೆ ಆಳ ಕಮ್ಮಿ, ಮರಗಿಡಗಳ ತಡೆ ಹೆಚ್ಚು, ಓಟ ಸೋಲುತ್ತದೆ. ನಿಂತ ನೀರಲ್ಲಿ 0.1 ಮಿ.ಮೀ. ಮರಳಿನ ಕಣ ಒಂದು ಮೀಟರ್ ಇಳಿಯಲು ಸುಮಾರು 2 ನಿಮಿಷ ಸಾಕು. 0.01 ಮಿ.ಮೀ. ರೇವೆಗೆ 3 ತಾಸು. 0.002 ಮಿ.ಮೀ. ಜೇಡಿಗೆ 3 ದಿನಕ್ಕೂ ಮಿಕ್ಕಿ. ಅದಕ್ಕೇ ಮರಳು ದಂಡೆಯಲ್ಲೇ ಕೂರುತ್ತದೆ, ಜೇಡಿ ತಗ್ಗು ಹುಡುಕಿ ಹೋಗುತ್ತದೆ. ನೆರೆಯ ಎತ್ತರವನ್ನಷ್ಟೇ ಬರೆದಿಡುತ್ತೇವೆ. ನೀರು ನಿಂತ ತಾಸೂ ಬೇಕು.

ಅಳತೆಗೆ 30×30 ಸೆಂ.ಮೀ. ನೆಲದ ಟೈಲ್ಸ್ ತನ್ನಿ. ಮೇ ಕೊನೆಯೊಳಗೆ, ದಂಡೆಯಿಂದ ತಗ್ಗಿನವರೆಗೆ ಒಂದೇ ಗೆರೆಯಲ್ಲಿ ಐದಾರು ಕಡೆ, ಒರಟು ಮೈ ಮೇಲೆ ಮಾಡಿ ನೆಲಕ್ಕೆ ಸಮನಾಗಿ ಹೂಳಿ. ನುಣುಪು ಮೈ ಮೇಲಿದ್ದರೆ ಕೂತ ಮಣ್ಣು ಮುಂದಿನ ಮಳೆಗೇ ತೊಳೆದುಹೋಗುತ್ತದೆ. ಅಡಿಕೆ ಹೆಡೆಯಿಂದ (ಸೋಗೆಯಿಂದ) ನೀರು ತೊಟ್ಟಿಕ್ಕುವ ಜಾಗ ಬೇಡ. ನೀರು ಇಳಿದ ಕೂಡಲೇ ಕೆರೆದು, ಎಲೆ-ಕಸ ತೆಗೆದು, ಚೆನ್ನಾಗಿ ಒಣಗಿಸಿ ತೂಗಿ. ಘನ ಸೆಂ.ಮೀ.ಗೆ 1.3 ಗ್ರಾಂ ಎಂದು ಹಿಡಿದರೆ, ಒಂದು ಟೈಲ್ಸಿನ ಮೇಲೆ 117 ಗ್ರಾಂ ಅಂದರೆ 1 ಮಿ.ಮೀ. ದಪ್ಪ. ಎಕರೆಗೆ ಅದು 5 ಟನ್ನಿಗೂ ಸ್ವಲ್ಪ ಹೆಚ್ಚು. ಕಣ್ಣಿಗೆ ಮಾತ್ರ ಏನೂ ಕಾಣದು!

ಗಜನಿ:
ಅಘನಾಶಿನಿ ಅಳಿವೆಯ ಗಜನಿಗಳಲ್ಲಿ (ಭರತದ ಉಪ್ಪುನೀರು ಹೊಗುವ ತಗ್ಗು ಗದ್ದೆಗಳಲ್ಲಿ) ಈ ಲೆಕ್ಕ ಹಾಗೆಯೇ ನಡೆಯದು. ಉಪ್ಪುನೀರು ಬೆರೆತರೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ ಬೇಗ ಇಳಿಯುತ್ತವೆ. ಮಳೆಗಾಲದ ಸಿಹಿನೀರಲ್ಲಿ ಅಷ್ಟಿಲ್ಲ.

ಮೆಕ್ಕಲು:
ಹೌದು. ಇನ್ನೊಂದು, ಕದ್ರಾ ಅಣೆಕಟ್ಟೆಯ ಕೆಳಗಿನ ಕಾಳಿ ದಂಡೆಗೂ ಗಂಗಾವಳಿಗೂ ಹೋಲಿಕೆ ಬೇಡ. ಕಾಳಿಯಲ್ಲಿ ಮೇಲಿನಿಂದ ಬರುವ ಮರಳು ಜಲಾಶಯಗಳಲ್ಲೇ ಉಳಿಯುತ್ತದೆ. ಕೂತ ಮಣ್ಣು ಶಾಶ್ವತವೂ ಅಲ್ಲ: ತಿರುವಿನ ಹೊರದಂಡೆ ಕುಸಿದರೆ ಹಳೆಯ ಮೆಕ್ಕಲೆಲ್ಲ ಮತ್ತೆ ಹೊಳೆಗೇ. ದಂಡೆಯಿಂದ ದೂರದಲ್ಲಿ ಗೂಟ ನೆಟ್ಟು, ವರ್ಷಕ್ಕೊಮ್ಮೆ ಅಂಚಿನವರೆಗೆ ಅಳೆದಿಡಿ.

ಏರಿ ಸಣ್ಣ ನೆರೆಗೆ ಸರಿ. ಅದನ್ನು ದಾಟಿ ಬಂದ ನೀರು ಮಾತ್ರ ಹೊರಗೆ ಹೋಗಲು ದಾರಿ ಕಾಣದೆ ದಿನಗಟ್ಟಲೆ ನಿಲ್ಲುತ್ತದೆ. ಜೇಡಿಗೆ ಬೇಕಾದ್ದೂ ಅದೇ, ಅಡಿಕೆ ಬೇರು ಉಸಿರುಕಟ್ಟುವುದೂ ಅದರಿಂದಲೇ. ಹಾಕುವುದೇ ಆದರೆ ಕೆಳಮಗ್ಗುಲಿನ ತುದಿ ಬಿಟ್ಟು ಹಾಕಿ, ಬಸಿಗಾಲುವೆಯ ಹೂಳು ಮೊದಲು ತೆಗೆಯಿರಿ.