ಅಪ್‌ಡೇಟ್: ಹಳೇ ಡಿವಿಡಿ ಪ್ಲೇಯರ್, ಹೊಸ ಎಚ್‌ಡಿ ಟಿವಿ

ಕಾರವಾರದಿಂದ ಮತ್ತೆ ನಾನೇ. ನನ್ನ ಹಳೇ ಡಿವಿಡಿ ಪ್ಲೇಯರನ್ನು ಹೊಸ ಎಚ್‌ಡಿ ಟಿವಿಗೆ ಯಾವ ಕೇಬಲ್ಲಿನಿಂದ ಜೋಡಿಸಲಿ ಎಂದು ಕೇಳಿದ್ದೆನಲ್ಲ, ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಪ್ಲೇಯರಿನಲ್ಲಿ ಎಚ್‌ಡಿಎಂಐ (ಚಿತ್ರ, ಧ್ವನಿ ಎರಡನ್ನೂ ಒಂದೇ ಕೇಬಲ್ಲಿನಲ್ಲಿ ಕಳಿಸುವ ಸಾಕೆಟ್) ಇಲ್ಲ, ಹಾಗಾಗಿ ಚಿತ್ರವನ್ನು ಮೂರು ತಂತಿಗಳಲ್ಲಿ ಬೇರೆಬೇರೆಯಾಗಿ ಕಳಿಸುವ ಕಾಂಪೊನೆಂಟ್ ಕೇಬಲ್ ಹಾಕಿದೆ.

ಮೊದಲು ಹಾಕಿದ್ದ ಹಳದಿ ಪಿನ್ನಿನ ಕಾಂಪೊಸಿಟ್ ಕೇಬಲ್ಲಿನಲ್ಲಿ ಬೆಳಕು, ಬಣ್ಣ ಎರಡೂ ಒಂದೇ ತಂತಿಯಲ್ಲಿ ಕಲಸಿ ಬರುತ್ತವೆ. ಯಕ್ಷಗಾನದ ಡಿಸ್ಕ್ ಹಾಕಿದರೆ ವೇಷದ ಕೆಂಪು ಅಂಚು ದಾಟಿ ಹರಡುತ್ತಿತ್ತು. ಈಗ ಹಸಿರು, ನೀಲಿ, ಕೆಂಪು ಮೂರೂ ಸಿಕ್ಕಿಸಿ, ಪ್ಲೇಯರಿನ ಮೆನುವಿನಲ್ಲಿ ಪ್ರೋಗ್ರೆಸ್ಸಿವ್ ಸ್ಕ್ಯಾನ್ (ಗೆರೆ ಬಿಟ್ಟು ಗೆರೆ ಅಲ್ಲದೆ ಎಲ್ಲ ಗೆರೆಗಳನ್ನೂ ಒಟ್ಟಿಗೆ ಕಳಿಸುವುದು) ಆನ್ ಮಾಡಿದ ಮೇಲೆ ವೇಷಧಾರಿಯ ತಲೆಯ ಮೇಲಿನ ಕೇದಗೆ ಮುಂದಲೆಯ ಜರಿ ಎಳೆಎಳೆಯಾಗಿ ಕಾಣುತ್ತಿದೆ. ಆಯಿ ಟಿವಿ ಮುಂದಿನಿಂದ ಏಳುತ್ತಲೇ ಇಲ್ಲ!

ಧ್ವನಿಗೆ ಕೆಂಪು-ಬಿಳಿ ಜೋಡಿ ಬೇರೆ ಬೇಕು. ಕೆಂಪು ಪಿನ್ ಎರಡಾಗುತ್ತವೆ, ಅದಲುಬದಲಾಗದಂತೆ ನೋಡಿಕೊಳ್ಳಿ. ನಮ್ಮ ಪಾಲ್ (ಭಾರತದ ಹಳೇ ಟಿವಿ ಪದ್ಧತಿ) ಡಿಸ್ಕಿನ ಚಿತ್ರದಲ್ಲಿರುವುದೇ 576 ಗೆರೆ, ಯಾವ ಕೇಬಲ್ ಹಾಕಿದರೂ ಅದು ಎಚ್‌ಡಿ ಆಗದು. ಹಾಗಾಗಿ ಚಿತ್ರವನ್ನು ಎಚ್‌ಡಿಎಂಐಗೆ ಬದಲಿಸುವ ಕನ್ವರ್ಟರ್ ಡಬ್ಬಿಗೆ ದುಡ್ಡು ಸುರಿಯುವ ಯೋಚನೆ ಬಿಟ್ಟೆ.