ಟ್ಯೂಬ್ ಟೆಸ್ಟ್: ಕೇಳಿ, ಡಾಕ್ಟರ್ ಹೇಳುತ್ತಾರೆ

ಕಾಪು: ಡಾಕ್ಟ್ರೇ, ಎಚ್‌ಎಸ್‌ಜಿ (ಡೈ ಅಂದರೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಹಾಕಿ, ಟ್ಯೂಬ್ ಅಂದರೆ ಅಂಡನಾಳ ತೆರೆದಿದೆಯಾ ನೋಡುವ ಟೆಸ್ಟ್) ಯಾವ ದಿನ ಮಾಡಿಸಬೇಕು? ತುಂಬಾ ನೋವಾ?

ಡಾಕ್ಟರ್: ಮುಟ್ಟು ನಿಂತ ಮೇಲೆ, ಸಾಮಾನ್ಯವಾಗಿ ಮುಟ್ಟಾದ ಮೊದಲ ದಿನದಿಂದ ಎಣಿಸಿ 7ರಿಂದ 10ನೇ ದಿನದೊಳಗೆ. ಅಲ್ಲಿಯವರೆಗೆ ಗಂಡ ಹೆಂಡತಿ ಸೇರಬೇಡಿ. ಡೈ ಹಾಕುವಾಗ ಕೆಲವು ನಿಮಿಷ ಮುಟ್ಟಿನ ನೋವಿನ ಹಾಗೆ ಹಿಂಡುತ್ತದೆ. ಮೊದಲೇ ನೋವಿನ ಮಾತ್ರೆ ಕೇಳಿ. ಪ್ಯಾಡ್ ತೆಗೆದುಕೊಂಡು ಹೋಗಿ, ಆಮೇಲೆ ಅಂಟಂಟು ಹೋಗುತ್ತದೆ.

ಕುಂದಾಪುರ: ವಯಸ್ಸು 31. ಎಚ್‌ಎಸ್‌ಜಿಯಲ್ಲಿ ಬಲಗಡೆ ಬುಡದಲ್ಲೇ ಬ್ಲಾಕ್, ಎಡಗಡೆ ತುದಿ ಊದಿದೆ ಅಂತ ಬಂದಿದೆ. ಇಲ್ಲಿಯ ಡಾಕ್ಟರ್ ನೇರ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡಿಸಿ ಅಂದಿದ್ದಾರೆ. ಒಂದು ವರ್ಷದಿಂದ ಮುಟ್ಟು ಒಂದೇ ದಿನ, ಅದೂ ಬರೀ ಕಲೆ. ಕಾಲೇಜಲ್ಲಿದ್ದಾಗ ಕುತ್ತಿಗೆ ಗಂಟಿಗೆ ಆರು ತಿಂಗಳು ಮಾತ್ರೆ ತಿಂದಿದ್ದೆ.

ಡಾಕ್ಟರ್: ನಿಮ್ಮ ಕೊನೆಯ ಸಾಲು ಓದಿ ಕೂತುಬಿಟ್ಟೆ. ಆ ಗಂಟು ಟಿಬಿ ಇರಬಹುದು. ಟಿಬಿ ಶ್ವಾಸಕೋಶಕ್ಕೆ ಮಾತ್ರ ಅಲ್ಲ, ಟ್ಯೂಬಿಗೂ ಗರ್ಭಕೋಶದ ಒಳಪದರಕ್ಕೂ ಬರುತ್ತದೆ. ಮುಟ್ಟು ಕಡಿಮೆಯಾಗುವುದು ಅದರ ಒಂದು ಗುರುತು. ಒಳಪದರದ ಚೂರು ತೆಗೆದು ಟೆಸ್ಟಿಗೆ ಕಳಿಸಬೇಕು. ನೆಗೆಟಿವ್ ಬಂದರೂ ಇಲ್ಲವೇ ಇಲ್ಲ ಅನ್ನಲಾಗದು.
ಬಲಗಡೆಯದು ನಿಜವಾದ ಬ್ಲಾಕ್ ಆಗಿರದೆಯೂ ಇರಬಹುದು. ಡೈ ಹಾಕುವಾಗ ಗರ್ಭಕೋಶದ ಸ್ನಾಯು ಬಿಗಿದುಕೊಂಡರೂ ಹಾಗೇ ಕಾಣುತ್ತದೆ. ನನಗೆ ಚಿಂತೆ ಎಡಗಡೆಯದು. ಅದರೊಳಗೆ ನಿಂತ ನೀರು ಗರ್ಭಕೋಶಕ್ಕೆ ಇಳಿಯುತ್ತದೆ. ಅದನ್ನು ಹಾಗೇ ಬಿಟ್ಟು ಐವಿಎಫ್ ಮಾಡಿದರೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮೊದಲು ಲ್ಯಾಪರೊಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಟ್ಟು ನೋಡುವುದು. ನೀಲಿ ಡೈ ಹಾಕಿ ಎರಡೂ ಕಡೆ ಕಣ್ಣಾರೆ ನೋಡಬಹುದು. ಅಗತ್ಯವಿದ್ದರೆ ಆ ಟ್ಯೂಬನ್ನು ತೆಗೆಯುತ್ತಾರೆ ಅಥವಾ ಕ್ಲಿಪ್ ಹಾಕುತ್ತಾರೆ. ಅದೇ ಹೊತ್ತಿಗೆ ಹಿಸ್ಟರೊಸ್ಕೋಪಿಯಲ್ಲಿ ಒಳಗೂ ಕ್ಯಾಮೆರಾ ಇಟ್ಟು ನೋಡಿಬಿಡಬಹುದು.

ಸುರತ್ಕಲ್: ಎಚ್‌ಎಸ್‌ಜಿ ಎಷ್ಟನೇ ದಿನ ಮೇಡಂ?

ಡಾಕ್ಟರ್: ಮೇಲೆ ಇದೆ.

ಬಂಟ್ವಾಳ: ಫಾರ್ವರ್ಡ್ ಬಂದದ್ದು: ಹರಳೆಣ್ಣೆ ಬಟ್ಟೆ ಹೊಟ್ಟೆಗೆ ಕಟ್ಟಿ, ಗಿಡಮೂಲಿಕೆ ಪೊಟ್ಟಣ ಒಳಗಿಟ್ಟರೆ 21 ದಿನದಲ್ಲಿ ಟ್ಯೂಬ್ ಓಪನ್ 🙏

ಡಾಕ್ಟರ್: ಅಂಟಿಕೊಂಡ ಟ್ಯೂಬ್ ಹೊಟ್ಟೆಗೆ ಎಣ್ಣೆ ಕಟ್ಟಿದರೆ ಬಿಡಲ್ಲ. ಪೊಟ್ಟಣ ಅಂತೂ ಬೇಡವೇ ಬೇಡ. ಸೋಂಕಾದರೆ ಚೆನ್ನಾಗಿರುವ ಟ್ಯೂಬೂ ಹಾಳು. ಈ ವಾರ ಇದು ಮೂರನೇ ಸಲ, ಮಾರಾಯ್ರೆ.

ಪುತ್ತೂರು: ಸ್ಕ್ಯಾನ್‌ನಲ್ಲಿ ಗರ್ಭಕೋಶದ ಮಧ್ಯೆ ಪರದೆ ಅಂತಿದೆ. ಎಂಆರ್‌ಐ ಬೇಕಾ?

ಬಂಟ್ವಾಳ: ಎಲ್ಲದಕ್ಕೂ ಆಪರೇಷನ್ನೇ ಹೇಳ್ತೀರಿ. ನಮ್ಮ ಅತ್ತಿಗೆಗೆ ಕುಡುಪು ದೇವಸ್ಥಾನದಲ್ಲಿ ನಾಗನಿಗೆ ಆಶ್ಲೇಷ ಬಲಿ ಪೂಜೆ ಮಾಡಿಸಿದ ಮೇಲೆಯೇ ಆದದ್ದು.

ಮಲ್ಪೆ: ಅವರಿಗೆ ಟ್ಯೂಬ್ ಬ್ಲಾಕ್ ಇತ್ತಾ? ಅಣ್ಣನ ವೀರ್ಯದ ಟೆಸ್ಟ್ ಆಗಿತ್ತಾ?

ಬಂಟ್ವಾಳ: ನಮ್ಮ ಮನೆಯ ಗಂಡಸರಿಗೆ ಎಂತ ತೊಂದರೆ ಇಲ್ಲ.

ಮಲ್ಪೆ: ಟೆಸ್ಟ್ ಮಾಡದೆ ಗೊತ್ತಾಯ್ತಾ? ಹೆಂಗಸರಿಗೆ ಚುಚ್ಚಿ ಚುಚ್ಚಿ ನೋಡುವುದು, ಗಂಡಸರಿಗೆ ಒಂದು ಡಬ್ಬಿ ಕೊಡಲು ನಾಚಿಕೆ!

ಬಂಟ್ವಾಳ: ನಾಲಗೆ ಹಿಡಿತದಲ್ಲಿರಲಿ.

ಡಾಕ್ಟರ್: ಮಲ್ಪೆಯವರು ಕೇಳಿದ್ದು ಸರಿ. ಗಂಡನ ಟೆಸ್ಟ್ ಮೊದಲು. ಜಗಳ ಬೇರೆ ಕಡೆ.

ಸುರತ್ಕಲ್: ಮೇಲೆ ಎಂದರೆ ಎಲ್ಲಿ ಮೇಡಂ?

ಕುಂದಾಪುರ: ಡಾಕ್ಟ್ರೇ, ಗಂಟಿನ ವಿಷಯ ಐವಿಎಫ್ ಹೇಳಿದ ಡಾಕ್ಟರಿಗೆ ಹೇಳಿಯೇ ಇರಲಿಲ್ಲ. ಕೇಳಲೂ ಇಲ್ಲ.

ಡಾಕ್ಟರ್: ನಾಳೆಯೇ ಹೋಗಿ ಹೇಳಿ. ಹಳೆ ಚೀಟಿ ಇದ್ದರೆ ತೆಗೆದುಕೊಂಡು ಹೋಗಿ.