ಹಳೇ ಶೆರಿಡನ್ ಪಂಪ್ ರೈಫಲ್, ಗಾಳಿ ನಿಲ್ತಿಲ್ಲ

ಪ್ರಶ್ನೆ: ಶೆರಿಡನ್ ಬ್ಲೂ ಸ್ಟ್ರೀಕ್, ಕೈಯಲ್ಲಿ ಪಂಪ್ ಹೊಡೆದು ಗಾಳಿ ತುಂಬೋ 5 ಎಂಎಂ ಏರ್ ರೈಫಲ್, ವರ್ಷಗಟ್ಟಲೆ ಮೂಲೇಲಿ ಬಿದ್ದಿದ್ದು ಈಗ ಕೈಗೆ ಬಂತು. 8 ಪಂಪ್ ಹೊಡೆದ್ರೂ ಎರಡು ನಿಮಿಷದಲ್ಲಿ ಗಾಳಿ ಖಾಲಿ. ರಿಪೇರಿ ಜೊತೆಗೆ ಪವರ್ ಸ್ವಲ್ಪ ಜಾಸ್ತಿ ಮಾಡ್ಬಹುದಾ?

ಉತ್ತರ 1: ಮೊದಲು ಎಲ್ಲಿಂದ ಲೀಕ್ ಅಂತ ನೋಡಿ. ಬ್ಯಾರೆಲ್ ಕಡೆಯಿಂದ ಸುಯ್ ಅಂದ್ರೆ ಎಕ್ಸಾಸ್ಟ್ ವಾಲ್ವ್ (ಹೊಡೆದಾಗ ಗಾಳಿ ಹೊರಗೆ ಬಿಡೋದು) ಹಾಳಾಗಿದೆ, ಪಂಪ್ ಹಿಡಿ ತಾನಾಗೇ ತೆರ್ಕೊಂಡ್ರೆ ಒಳಗಿನ ಚೆಕ್ ವಾಲ್ವ್ (ತುಂಬಿದ ಗಾಳಿ ಪಂಪ್ ಕಡೆಗೆ ವಾಪಸ್ ಬರದ ಹಾಗೆ ತಡೆಯೋದು). ಸದ್ದು ಕೇಳೋಕೆ ಅಂತ ಬ್ಯಾರೆಲ್ ಬಾಯಿ ಹತ್ರ ಮುಖ ಮಾತ್ರ ತರ್ಬೇಡಿ, ಒಳಗೆ ಪೆಲೆಟ್ (ಏರ್ ರೈಫಲ್ ಗುಂಡು) ಇಲ್ಲ ಅಂತ ಗೊತ್ತಿದ್ರೂ.

ಉತ್ತರ 2: ಬಿಚ್ಚೋ ಮುಂಚೆ ಪಂಪ್ ಕಪ್‌ಗೆ (ಪಂಪ್ ಒಳಗೆ ಗಾಳಿ ತಳ್ಳೋ ಸೀಲ್) ಎರಡು ಹನಿ ಸಿಲಿಕೋನ್ ಆಯಿಲ್ ಬಿಟ್ಟು ಒಂದು ರಾತ್ರಿ ಇಡಿ, ಒಣಗಿದ ಸೀಲ್ ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತೆ. ಡಬ್ಲ್ಯೂಡಿ-40 ಬೇಡವೇ ಬೇಡ. ಸರಿಯಾದ್ಮೇಲೆ ಇಡುವಾಗ ಒಂದು ಪಂಪ್ ಗಾಳಿ ಒಳಗೇ ಬಿಡಿ, ವಾಲ್ವ್ ಮುಚ್ಕೊಂಡಿರುತ್ತೆ, ಧೂಳು ಕೂರಲ್ಲ, ಆದ್ರೆ ಚೇಂಬರ್‌ನಲ್ಲಿ ಪೆಲೆಟ್ ಇರ್ಬಾರ್ದು.

ಉತ್ತರ 3: ಪವರ್‌ಗೋಸ್ಕರ 8 ಪಂಪ್ ದಾಟಬೇಡಿ, ಒತ್ತಡ ಅತಿಯಾದ್ರೆ ವಾಲ್ವ್ ಪೂರ್ತಿ ತೆರೆಯೋದೇ ಇಲ್ಲ, ಗಾಳಿ ಒಳಗೇ ಉಳಿಯುತ್ತೆ, ಪಂಪ್ ಲಿವರ್ ಪಿನ್ನೂ ಸವೆಯುತ್ತೆ. ನನ್ನ ಕೇಳಿದ್ರೆ ದುಡ್ಡನ್ನ ಪೀಪ್ ಸೈಟ್‌ಗೆ (ಸಣ್ಣ ತೂತಲ್ಲಿ ನೋಡಿ ಗುರಿ ಹಿಡಿಯೋ ಸಾಧನ) ಹಾಕಿ, ಗುರಿ ಎಷ್ಟೋ ಸುಧಾರಿಸುತ್ತೆ. ಹಳೇ ಬಣ್ಣ ಉಜ್ಜಿ ತೆಗೀಬೇಡಿ ದಯವಿಟ್ಟು, ಆ ಸವೆದ ಜಾಗದಲ್ಲಿ ಇಣುಕೋ ಹಿತ್ತಾಳೆನೇ ಅದರ ಚಂದ.